ಆರಿಸಲಾರದ ಬಾಗಿಲು

ಯಾವ ಬಾಗಿಲು ಬೇಕೆಂದು ಹೇಳಿಬಿಟ್ಟರೆ ಅವನು ಮತ್ತೆ ಈ ಮನೆಗೆ ಬರುವುದಿಲ್ಲ. ಅವಳ ಚಿಂತೆ ಇಷ್ಟೇ. ಇಷ್ಟನ್ನು ತನಗೆ ತಾನೇ ಒಪ್ಪಿಕೊಳ್ಳುವಾಗಲೂ ಕಿವಿ ಬಿಸಿಯಾಗುತ್ತಿತ್ತು.

ಅಡುಗೆಮನೆಯ ಹಿಂದೆ ಹೊಸ ಕೋಣೆ ಎದ್ದಿತ್ತು. ತೋಟದ ಕಡೆಯ ಗೋಡೆಯಲ್ಲಿ ಬಿಟ್ಟ ದೊಡ್ಡ ಜಾಗಕ್ಕೆ ಗಾಜಿನ ಬಾಗಿಲು ಕೂರಬೇಕು. "ಡಿಗ್ರಿ ಮುಗಿಸಿ ಮನೇಲೇ ಇದ್ದೀಯಲ್ಲ, ನೀನೇ ಆರಿಸು" ಎಂದು ಅಪ್ಪ ಹೇಳಿದ್ದೇ ತಪ್ಪಾಯಿತು. ಮೊದಲು ಪಕ್ಕಕ್ಕೆ ಸರಿಯುವ ಸ್ಲೈಡಿಂಗ್ ಎಂದಳು. ಆಮೇಲೆ ಮಡಚಿಕೊಳ್ಳುವುದು ಎಂದಳು. ಈಗ ಎರಡು ಕದದ್ದಂತೆ. ಅಲ್ಲಿಯವರೆಗೆ ಅಣ್ಣ ಕಟ್ಟಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿದು ಮನೆಮಂದಿಯ ತಲೆ ತಿನ್ನುತ್ತಿತ್ತು.

"ಗಂಡು ಆರಿಸೋಕೂ ಯಾರೂ ಇಷ್ಟು ಮೀನಮೇಷ ಎಣಿಸಲ್ಲ ಕಣೇ," ಎಂದಳು ಅತ್ತಿಗೆ, ಪಾತ್ರೆ ಉಜ್ಜುತ್ತಾ. "ಪಾಪ, ಆ ಗಾಜಿನವನು ಓಡಾಡಿ ಓಡಾಡಿ ನಮ್ಮ ಗೇಟೇ ಸವೆಸ್ತಿದ್ದಾನೆ."

"ಸುಮ್ನಿರಿ ಅತ್ತಿಗೆ, ಬಂದ್ರು!"

ಬಾಗಿಲು ಕಂಪನಿಯಿಂದ ಅಳತೆಗೆ ಬರುವ ಹುಡುಗನಿಗೆ ಮನೆಯಲ್ಲಿ ಗಾಜಿನವನೆಂದೇ ಹೆಸರು. ಅವನು ಹಾಳೆ ಸರಿಸಿ ಒಳಬಂದ. ಕಂಕುಳಲ್ಲಿ ಚೌಕಟ್ಟಿನ ತುಂಡು, ರೆಪ್ಪೆಯ ಮೇಲೆ ಸಿಮೆಂಟಿನ ಸಣ್ಣ ಧೂಳು. ಅದನ್ನು ಒರೆಸಬೇಕೆನ್ನಿಸಿ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಈ ಸಲ ಏನು ಡೌಟು ಮೇಡಂ?"

"ಅದು... ಬಾಗಿಲು ಒಳಗೆ ತೆರೆದ್ರೆ ಚೆನ್ನಾ, ಹೊರಗೆ ತೆರೆದ್ರೆ ಚೆನ್ನಾ?" ಬೆಳಗಿನಿಂದ ಬಾಯಿಪಾಠ ಮಾಡಿಟ್ಟಿದ್ದ ಪ್ರಶ್ನೆ.

ಅವನು ತುಂಡನ್ನು ಕೆಳಗಿಟ್ಟು, ಗೋಡೆಯಂಚಿಗೆ ಹೆಗಲೊರಗಿಸಿ, ಒಂದು ತೋಳು ಅಡ್ಡ ಚಾಚಿ ನಿಂತ. "ನಾನೇ ಕದ ಅಂದ್ಕೊಳ್ಳಿ. ತಳ್ಳಿ."

"ಅಯ್ಯೋ, ಬೇಡ!"

"ಒಡೆಯಲ್ಲ ಮೇಡಂ. ಗ್ಯಾರಂಟಿ ಇದೆ."

ಒಂದು ಬೆರಳ ತುದಿಯಿಂದ ಅವನ ನೀಲಿ ಶರ್ಟಿನ ತೋಳನ್ನು ಮುಟ್ಟಿದಳು. ಕದ ಕದಲಲಿಲ್ಲ.

"ಇಷ್ಟು ತಳ್ಳಿದ್ರೆ ನಿಮ್ಮನೆ ಬೆಕ್ಕೂ ಆಚೆ ಹೋಗಲ್ಲ."

ಉಸಿರು ಬಿಗಿಹಿಡಿದು ಅಂಗೈಯಿಟ್ಟು ನೂಕಿದಳು. ಅವನು ಬಾಯಲ್ಲೇ "ಕಿರ್ರ್" ಎನ್ನುತ್ತಾ ತೋಟದ ಕಡೆಗೆ ತಿರುಗಿದ. ಅವಳಿಗೆ ನಗು ಉಕ್ಕಿತು. ಆ ನಗುವಿನ ಮೇಲೆ ಅವನ ಕಣ್ಣು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಬಳಿಕ ಗಂಟಲು ಸರಿಮಾಡಿಕೊಂಡ.

"ಹೊರಗೆ ತೆರೆಯೋದೇ ಒಳ್ಳೇದು, ಕುರ್ಚಿಗೆ ತಗಲಲ್ಲ. ಇದನ್ನೇ ಫೈನಲ್ ಮಾಡ್ಲಾ?"

"ಇಲ್ಲ, ಅಂದ್ರೆ... ಸ್ಲೈಡಿಂಗೇ ವಾಸಿಯೇನೋ?"

ಅವನ ಮುಖ ಬಾಡಿತು. ಚೌಕಟ್ಟಿನ ತುಂಡನ್ನು ಬಟ್ಟೆಯಲ್ಲಿ ಸುತ್ತತೊಡಗಿದ. "ನಾನು ತೋರಿಸಿದ್ದು ಯಾವುದೂ ನಿಮಗೆ ಹಿಡಿಸ್ತಿಲ್ಲ. ದಾಕ್ಷಿಣ್ಯಕ್ಕೆ ಹೇಳ್ತಿಲ್ಲ ನೀವು. ಸೋಮವಾರದಿಂದ ನಮ್ಮ ಸೀನಿಯರ್ ಬರ್ತಾರೆ, ಅವರು ಚೆನ್ನಾಗಿ ವಿವರಿಸ್ತಾರೆ."

ಹಾಗಲ್ಲ, ಹಾಗಲ್ಲವೇ ಅಲ್ಲ! ಒಳಗೆ ಅಷ್ಟು ಕೂಗಿದರೂ ನಾಲಿಗೆಯಿಂದ ಜಾರಿದ್ದು ಬೇರೆಯೇ. "ನೀರು... ನೀರು ಕುಡೀತೀರಾ?"

"ಬೇಡ. ಬರ್ತೀನಿ ಮೇಡಂ."

ಹಾಳೆ ಅವನ ಹಿಂದೆ ಇಳಿಬಿದ್ದಿತು. ಬರ್ತೀನಿ! ಹೋಗುವವರೆಲ್ಲ ಹೇಳುವುದು ಇದನ್ನೇ. ಬಂದೇ ಬರುವವರೂ ಇದನ್ನೇ ಹೇಳುತ್ತಾರೆ, ಇನ್ನೆಂದೂ ಬಾರದವರೂ ಇದನ್ನೇ. ಮಬ್ಬು ಪ್ಲಾಸ್ಟಿಕ್ಕಿನಾಚೆ ಅವನು ನೀಲಿ ಮಸುಕಾಗಿ ಗೇಟಿನ ಕಡೆ ಸಣ್ಣದಾಗುತ್ತಿದ್ದ.

"ರೀ!"

ತನ್ನದೇ ದನಿಗೆ ಅವಳು ಬೆಚ್ಚಿದಳು. ನೀಲಿ ಮಸುಕು ನಿಂತಿತು, ತಿರುಗಿತು, ಹತ್ತಿರ ಬಂತು.

"ಬಾಗಿಲು ನಾನು ಮೊದಲ ದಿನಾನೇ ಆರಿಸಿದ್ದೆ," ಎಂದಳು ಹಾಳೆಗೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅವಳು ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

"ಹೇಳಿದ್ರೆ ನೀವು ಬರ್ತಿರಲಿಲ್ಲ."