ಸುತ್ತುಮೆಟ್ಟಿಲು ಕಳವಾದ ಮನೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ಮೆಟ್ಟಿಲು ಕಳವಾಗಿದೆ."

ದೂರು ಬರೆದುಕೊಳ್ಳಲು ಕುಳಿತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತಿದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಮೀಸೆ' ಎಂದು. ಮೀಸೆ ಬೋಳಿಸಿ ವರ್ಷಗಳೇ ಆಗಿದ್ದರೂ ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡೇ ಇತ್ತು.

"ಮೆಟ್ಟಿಲ ಮೇಲೆ ಇಟ್ಟಿದ್ದು ಏನು ಕಳವಾಗಿದೆ ಮೇಡಂ?"

"ಮೇಲೆ ಇಟ್ಟಿದ್ದಲ್ಲ. ಮೆಟ್ಟಿಲೇ. ಒಂದೂ ಉಳಿದಿಲ್ಲ."

ಮೀಸೆ ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರರ ಕೋಣೆಯ ಕಡೆ ನೋಡಿದ. ಇಂಥ ದೂರನ್ನು ಒಬ್ಬನೇ ತಲೆಗೆ ಕಟ್ಟಿಕೊಳ್ಳುವಷ್ಟು ದಡ್ಡನಲ್ಲ ಅವನು.

ದೂರುದಾರರು ನಗರದ ಹಳೆಯ ಕಟ್ಟಡಗಳನ್ನು ಅಳೆದು, ಫೋಟೊ ತೆಗೆದು, ನಕ್ಷೆ ಬರೆದು ದಾಖಲಿಸುವ ಕಚೇರಿಯ ಅಧಿಕಾರಿ. ಗಡಿಯಾರದ ಗೋಪುರದ ಹಿಂದಿನ ಬೀದಿಯನ್ನು ಪಾರಂಪರಿಕ ವಲಯವೆಂದು ಘೋಷಿಸುವ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ಆ ಬೀದಿಯ ಒಂದು ಮನೆಗೆ ಮೊದಲ ದರ್ಜೆ ಸಿಕ್ಕಿದ್ದೇ ಅದರ ಸುತ್ತುಮೆಟ್ಟಿಲಿನಿಂದ. ನಡುವೆ ಒಂದೇ ಮರದ ಕಂಬ; ಹಲಗೆಗಳ ಒಂದು ತುದಿ ಕಂಬದ ತೂತಿಗೆ, ಇನ್ನೊಂದು ತುದಿ ಗೋಡೆಗೆ. ಇಡೀ ಮೆಟ್ಟಿಲಿಗೆ ಒಂದು ಮೊಳೆಯೂ ಇಲ್ಲ, ಎಲ್ಲ ಮರದ ಬೆಣೆ. ಶನಿವಾರ ಅವರ ತಂಡ ಕೆಳಗಿನಿಂದ ಮೇಲಿನವರೆಗೆ ಪ್ರತಿ ಹಲಗೆಗೂ ನಂಬರಿನ ಚೀಟಿ ಅಂಟಿಸಿ ಹೋಗಿತ್ತು. ಸೋಮವಾರ ಬಂದು ಬೀಗ ತೆಗೆದರೆ ಕಂಬ ಬೋಳಾಗಿ ನಿಂತಿತ್ತು.

"ಮನೇಲಿ ಯಾರಿದ್ದಾರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕೆಳಗೆ ನಮ್ಮ ಸಾಮಾನು, ಏಣಿ, ಕ್ಯಾಮೆರಾ. ಮೇಲೆ ಬಾಡಿಗೆಗೆ ಅಕ್ಕ, ತಮ್ಮ ಇಬ್ಬರು. ಪಾಪ, ಅವರು ಮೇಲೇ ಸಿಕ್ಕಿಹಾಕ್ಕೊಂಡಿದ್ದಾರೆ."

"ಬೀಗದ ಕೈ?"

"ನನ್ನ ಹತ್ರ ಒಂದು, ಅವರ ಹತ್ರ ಒಂದು, ಮಾಲೀಕರ ಹತ್ರ ಒಂದು. ಬೀಗ ಒಡೆದಿಲ್ಲ."

ಎಫ್‌ಐಆರ್ ದಾಖಲಾಯಿತು. ಮೊದಲ ಅನುಮಾನ ಮಾಲೀಕನ ಮೇಲೆ. ಮೊದಲ ದರ್ಜೆಯ ಮನೆಗೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು. ಅಲ್ಲಿ ಅಂಗಡಿ ಸಾಲು ಕಟ್ಟುವ ಕನಸು ಕಂಡಿದ್ದ ಮಾಲೀಕ ಆ ದರ್ಜೆಯನ್ನು ಕಂಡರೆ ಕೆಂಡ ಕಾರುತ್ತಿದ್ದ. ಠಾಣೆಗೆ ಕರೆಸಿದಾಗಲೂ ಕಾರಿದ.

"ಸಾರ್, ನನಗೆ ಹೊಟ್ಟೆ ಉರಿದಿದ್ರೆ ಮನೇನೇ ಬೀಳಿಸ್ತಿದ್ದೆ. ಮೆಟ್ಟಿಲು ಹೊತ್ಕೊಂಡು ಹೋಗಿ ಏನು ತಲೆಗೆ ದಿಂಬು ಮಾಡ್ಕೊಳ್ಳಲಾ?"

"ನಿನ್ನೆ ಎಲ್ಲಿದ್ರಿ?"

"ಆಸ್ಪತ್ರೇಲಿ. ಮೊಮ್ಮಗಳು ಹುಟ್ಟಿದಾಳೆ. ಇಡೀ ವಾರ್ಡಿಗೆ ಸಿಹಿ ಹಂಚಿದೀನಿ, ಕೇಳಿ ನೋಡಿ."

ಮೀಸೆ ಫೋನು ಮಾಡಿ ಕೇಳಿದ. ಸಿಹಿ ತಿಂದವರು ಬೇಕಾದಷ್ಟು ಜನ ಸಿಕ್ಕರು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಎದುರಿನ ಕ್ಷೌರದಂಗಡಿಯವನೂ ಪಕ್ಕದ ಪೇಪರ್ ಅಂಗಡಿಯವನೂ ಪಂಚರು. ಇನ್ಸ್‌ಪೆಕ್ಟರ್ ಕಂಬದ ಸುತ್ತ ಮೂರು ಸಲ ಸುತ್ತಿದರು. ಬೆಣೆ ಬಿಡಿಸಲು ಮರದ ಕೊಡತಿಯಿಂದ ಹೊಡೆದ ಗುರುತು ಪ್ರತಿ ತೂತಿನ ಪಕ್ಕದಲ್ಲೂ ಇತ್ತು. ಎಲ್ಲವೂ ಮೇಲಂಚಿನಲ್ಲಿ. ಕೆಳಗೆ ನಿಂತು ಹೊಡೆದಿದ್ದರೆ ಏಟು ಕೆಳಂಚಿಗೆ ಬೀಳಬೇಕಿತ್ತು.

"ಅಮ್ಮಾ!" ಅವರು ಮೇಲೆ ನೋಡಿ ಕೂಗಿದರು.

ಸುತ್ತುಮೆಟ್ಟಿಲು ಹೋಗಿ ಸೇರುತ್ತಿದ್ದ ದುಂಡನೆಯ ಕಿಂಡಿಯಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರ ಮುಖ ಕಾಣಿಸಿತು. ಕುತ್ತಿಗೆಗೆ ಅಳತೆ ಟೇಪು. ಆಕೆ ಮನೆಯಲ್ಲೇ ಹೊಲಿಗೆ ಮಾಡುವವರು, ಬೀದಿಯವರಿಗೆಲ್ಲ 'ಅಕ್ಕ'.

"ನಿನ್ನೆ ಏನಾದ್ರೂ ಸದ್ದು ಕೇಳಿಸ್ತಾ?"

"ಮಿಷಿನ್ ಓಡಿಸ್ತಿದ್ದೆ ಸಾರ್. ಶಾಲೆ ಯೂನಿಫಾರಂ. ಕೇಳಲಿಲ್ಲ."

"ಸೂಜಿಗೆ ದಾರ ಹಾಕೋವಾಗ ಮಿಷಿನ್ ನಿಲ್ಲುತ್ತಲ್ಲಮ್ಮಾ?"

ಅಕ್ಕ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: "ಈಗ ಗಂಟೆ ಎಷ್ಟು ಸಾರ್?"

ಮೀಸೆ ಹೇಳಿದ. ಮುಖ ಕಿಂಡಿಯಿಂದ ಹಿಂದಕ್ಕೆ ಸರಿಯಿತು.

ಇನ್ಸ್‌ಪೆಕ್ಟರ್ ಮೀಸೆಯನ್ನು ಪಕ್ಕಕ್ಕೆ ಕರೆದರು. "ಲಿಫ್ಟ್ ಹತ್ತು ನಿಮಿಷ ನಿಂತರೆ ಜನ ಬಾಗಿಲು ಬಡಿದು ಪ್ರಾಣ ತೆಗೀತಾರೆ. ಈಯಮ್ಮ ನಿನ್ನೆಯಿಂದ ಮೇಲಿದ್ದಾರೆ. 'ನಮ್ಮನ್ನ ಇಳಿಸಿ' ಅಂತ ಒಂದು ಮಾತು ಕೇಳಿದ್ರಾ?"

"ಇಲ್ಲ ಸಾರ್. ಟೈಮ್ ಕೇಳಿದ್ರು, ಅಷ್ಟೇ."

"ಮೇಲಿಂದ ಬಿಚ್ಚುತ್ತಾ ಬಂದಿದ್ರೆ ಕಳ್ಳ ಕೆಳಗೆ ಇಳಿದು ಓಡಿಹೋಗ್ತಿದ್ದ. ಇವನು ಕೆಳಗಿಂದ ಬಿಚ್ಚಿದಾನೆ. ಮೇಲಿನ ಹಲಗೆ ಮೇಲೆ ನಿಂತು ಕೆಳಗಿನದನ್ನ ತೆಗೆದು, ತೆಗೆದು, ಹಿಂದಕ್ಕೆ ಹತ್ತಿದಾನೆ. ಹಾಗೆ ಮಾಡಿದವನು ಕೊನೆಗೆ ಎಲ್ಲಿರ್ತಾನೆ?"

ಮೀಸೆ ಬಾಯಿ ತೆರೆದು ಕಿಂಡಿಯ ಕಡೆ ನೋಡಿದ.

ದಾಖಲಾತಿ ತಂಡದ ಏಣಿಯನ್ನು ಕಿಂಡಿಗೆ ಒರಗಿಸಿ ಇಬ್ಬರೂ ಹತ್ತಿದರು, ಹಿಂದೆಯೇ ಅಧಿಕಾರಿ. ಮೇಲೆ ಎರಡು ಕೋಣೆ, ಬೀದಿಗೆ ಮುಖ ಮಾಡಿದ ಒಂದು ಜಗಲಿ. ಹೊಲಿಗೆ ಮಿಷಿನ್ನಿನ ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ಸೂಟ್‌ಕೇಸ್. ಜಗಲಿಯಲ್ಲಿ ಕಾಲು ಮುರಿದ ಕುರ್ಚಿಗಳ ನಡುವೆ ದಪ್ಪ ಕೈಯ ಗಂಡಸೊಬ್ಬ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಅಕ್ಕನ ತಮ್ಮ, ಬಡಗಿ. ಒಂದು ಕಾಲದಲ್ಲಿ ಕಟ್ಟಡದ ಅಟ್ಟಣೆಯಿಂದ ಬಿದ್ದಿದ್ದ. ಕಾಲು ಕೂಡಿಕೊಂಡಿತು, ಭಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವನು ಈ ಮನೆಯ ಹೊಸಿಲು ದಾಟಿರಲಿಲ್ಲ. ಎರಡು ತಿಂಗಳು ನೋಡಿಕೊಂಡು ಹೋಗುತ್ತೇನೆ ಎಂದು ಬಂದ ಅಕ್ಕನ ತಲೆಗೂದಲು ಇಲ್ಲೇ ಹಣ್ಣಾಗಿತ್ತು.

ಏಣಿಯ ತುದಿ ಕಿಂಡಿಯಲ್ಲಿ ಕಂಡದ್ದೇ ತಮ್ಮ ಮುಖ ತಿರುಗಿಸಿದ.

ಮೀಸೆ ಮಂಚದ ಕೆಳಗಿನ ಬೆಡ್‌ಶೀಟು ಎಳೆದ. ಹಲಗೆಗಳು. ಒಂದರ ಮೇಲೊಂದು, ನಡುವೆ ಹಳೆ ಬಟ್ಟೆ, ನಂಬರಿನ ಚೀಟಿಗಳು ಒಂದೇ ಕಡೆಗೆ. ಬೆಣೆಗಳು ಬೇರೆಯಾಗಿ ಒಂದು ಡಬ್ಬದಲ್ಲಿ. ದಾಖಲಾತಿ ಅಧಿಕಾರಿ ಮಂಡಿಯೂರಿ ಒಂದೊಂದನ್ನೂ ಮುಟ್ಟಿ ನೋಡಿದರು. "ಒಂದು ಗೀರೂ ಆಗಿಲ್ಲ," ಎಂದು ಮೇಲಿನ ಹಲಗೆಯ ಧೂಳು ಒರೆಸಿದರು. ಮನುಷ್ಯರು ಸಿಕ್ಕಿಹಾಕಿಕೊಂಡದ್ದಕ್ಕಿಂತ ಹಲಗೆ ಸಿಕ್ಕಿದ್ದೇ ಅವರಿಗೆ ದೊಡ್ಡದಾಯಿತೇನೋ ಎಂದು ಮೀಸೆಗೆ ಸಿಟ್ಟು ಬಂತು.

"ನಾನೇ ಮಾಡಿದ್ದು," ಎಂದರು ಅಕ್ಕ.

"ಹೇಗೆ ಮಾಡಿದ್ರಿ?"

"ಸುತ್ತಿಗೆ ತಗೊಂಡು ಹೊಡೆದೆ."

"ಸುತ್ತಿಗೆ!" ಜಗಲಿಯಿಂದ ತಮ್ಮ ಸಿಡಿದ. "ಮರಕ್ಕೆ ಸುತ್ತಿಗೆ ಹೊಡೀತಾರಾ ಯಾರಾದ್ರೂ? ಕೊಡತಿ ಸಾರ್ ಅದು. ಬೆಣೆ ಯಾವ ಕಡೆಯಿಂದ ಬಿಡಿಸಬೇಕು ಅಂತ್ಲೂ ಇವಳಿಗೆ ಗೊತ್ತಿಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಿತು. ಅಕ್ಕ ಕಣ್ಣು ಮುಚ್ಚಿಕೊಂಡರು.

"ಯಾಕೆ ಬಿಚ್ಚಿದೆ?" ಇನ್ಸ್‌ಪೆಕ್ಟರ್ ಅವನ ಎದುರು ನೆಲದ ಮೇಲೇ ಕುಳಿತರು.

ತಮ್ಮ ಅಧಿಕಾರಿಯ ಕಡೆ ಬೆರಳು ತೋರಿಸಿದ. "ಶನಿವಾರ ಇವರು ಹೇಳಿದ್ರು. ಬಾಡಿಗೆದಾರರಿಗೆಲ್ಲ ಬೇರೆ ಮನೆ ಕೊಡ್ತಾರಂತೆ. ನಂದು ಈ ಕಡೆ ಅಂತೆ, ಅಕ್ಕಂದು ಊರಿನ ಆ ಕಡೆ ಅಂತೆ."

ಅಧಿಕಾರಿ ಕೈಯಲ್ಲಿದ್ದ ಹಲಗೆ ಕೆಳಗಿಟ್ಟರು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಅರ್ಜಿ ಹಾಕೋವಾಗ ನಿಮ್ಮಕ್ಕನೇ ಕೇಳಿದ್ದು, ತನಗೇ ಅಂತ ಒಂದು ಪ್ರತ್ಯೇಕ ಮನೆ ಬೇಕು ಅಂತ."

"ಇವತ್ತು ಸಂಜೆ ಐದರೊಳಗೆ ವಸತಿ ಕಚೇರಿಗೆ ಹೋಗಿ ಸಹಿ ಹಾಕಿ ಕೀ ತಗೋಬೇಕು," ಅಕ್ಕ ಮೆಲ್ಲಗೆ ಹೇಳಿದರು. "ತಪ್ಪಿದ್ರೆ ಆ ಮನೆ ಪಟ್ಟೀಲಿ ಮುಂದಿರೋರಿಗೆ."

"ಅದಕ್ಕೇ ಟೈಮ್ ಕೇಳಿದ್ರಾ? ನಾವು ಬಂದ ತಕ್ಷಣ ಇಳಿಸಿ ಅಂತ ಯಾಕೆ ಹೇಳಲಿಲ್ಲ?"

"ನಾನು ಏಣಿ ಇಳಿದು ಹೋಗಬಹುದು ಸಾರ್. ಅವನು ಏಣಿ ಇಳಿಯಲ್ಲ. ಮೆಟ್ಟಿಲಿಲ್ಲದ ಮನೆ ಮೇಲೆ ಅವನನ್ನ ಬಿಟ್ಟು ಹೇಗೆ ಹೋಗಲಿ? ಅದು ಇವನಿಗೂ ಗೊತ್ತು. ಗೊತ್ತಿದ್ದೇ ಮಾಡಿದಾನೆ." ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಆ ಕೊನೆಯ ಮಾತಿನಲ್ಲಿತ್ತು.

ಆರೋಪ ಕಳವಿನಿಂದ ಸಂರಕ್ಷಿತ ಕಟ್ಟಡಕ್ಕೆ ಹಾನಿ ಎಂದು ಬದಲಾಯಿತು. ಬಂಧಿಸಬೇಕು, ಸರಿ. ಇಳಿಸುವುದು ಹೇಗೆ? ಮೀಸೆ ಬೆನ್ನಿಗೆ ಕಟ್ಟಿಕೊಂಡು ಇಳಿಸುತ್ತೇನೆ ಎಂದ. ಏಣಿಯ ಹತ್ತಿರ ಕರೆತಂದರೆ ತಮ್ಮ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಡಿಸಿದರೆ ಚೌಕಟ್ಟೂ ಕಿತ್ತು ಬರುತ್ತದೆಂದು ಅಧಿಕಾರಿ ಕೂಗಿಕೊಂಡರು.

"ನಾನೇ ಜೋಡಿಸ್ತೀನಿ," ಎಂದ ತಮ್ಮ. "ಮೇಲಿಂದ ಒಂದೊಂದೇ. ಜೋಡಿಸಿದ್ದರ ಮೇಲೆ ನಿಂತು ಮುಂದಿಂದು. ಹಾಗಾದ್ರೆ ಇಳೀತೀನಿ."

ಅಧಿಕಾರಿಗೆ ಇದಕ್ಕೆ ಯಾವ ಅನುಮತಿ ಬೇಕೆಂದು ತಿಳಿಯಲಿಲ್ಲ. ಇನ್ಸ್‌ಪೆಕ್ಟರ್ ಅವರಿಗೆ ತಿಳಿದುಕೊಳ್ಳಲು ಸಮಯವನ್ನೂ ಕೊಡಲಿಲ್ಲ. ಪಂಚರ ಸಮಕ್ಷಮ ಕೆಲಸ ಶುರುವಾದಾಗ ಹನ್ನೆರಡು ದಾಟಿತ್ತು.

ಅಕ್ಕ ನಂಬರು ನೋಡಿ ಹಲಗೆ ಎತ್ತಿಕೊಟ್ಟರು. ತಮ್ಮ ತೂತಿಗೆ ಸಿಕ್ಕಿಸಿ, ಬೆಣೆ ಇಟ್ಟು, ಕೊಡತಿಯಿಂದ ತಟ್ಟಿದ. ಪ್ರತಿ ಹಲಗೆಯ ಮೇಲೂ ಕಾಲಿಡುವ ಮೊದಲು ಬಹಳ ಹೊತ್ತು ನಿಂತ. ಯಾರೂ ಬೇಗ ಎನ್ನಲಿಲ್ಲ. ಅಕ್ಕ ಈಗ ಗಂಟೆ ಕೇಳುವುದನ್ನೂ ಬಿಟ್ಟಿದ್ದರು. ಮೀಸೆಯೇ ತಡೆಯಲಾರದೆ ಆಗಾಗ ಹೇಳುತ್ತಿದ್ದ. ಮೂರೂವರೆಗೆ ಅರ್ಧಕ್ಕಿಂತ ಕಡಿಮೆ ಹಲಗೆ ಉಳಿದಿದ್ದವು. ನಾಲ್ಕೂಕಾಲಿಗೆ ಒಂದನೇ ನಂಬರಿನ ಹಲಗೆ ಕೂತಿತು.

ತಮ್ಮ ನೆಲಕ್ಕೆ ಕಾಲಿಟ್ಟ. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದು ದಸ್ತಗಿರಿ ಮಾಡಿರುವುದಾಗಿ ತಿಳಿಸಿದರು. ಅವನು ತಲೆಯಾಡಿಸಿ, ಸೂಟ್‌ಕೇಸ್ ಹಿಡಿದು ಇಳಿಯುತ್ತಿದ್ದ ಅಕ್ಕನನ್ನು ನೋಡಿದ.

"ಮೂರನೇದು ಇನ್ನೂ ಸರಿ ಕೂತಿಲ್ಲ ಅಕ್ಕ. ನೋಡ್ಕೊಂಡು ಇಳಿ."

ಜೀಪು ಠಾಣೆಯ ದಾರಿ ಬಿಟ್ಟು ವಸತಿ ಕಚೇರಿಯ ಕಡೆ ತಿರುಗಿತು. ಮೀಸೆ ಪ್ರಶ್ನಿಸಲಿಲ್ಲ. ಕಚೇರಿಯ ಮುಂದೆ ನಿಲ್ಲಿಸಿದ ಜೀಪಿನಲ್ಲಿ ತಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದ. ಬೀದಿ ಅವನಿಗೆ ಅಷ್ಟು ದೊಡ್ಡದಾಗಿತ್ತು. ಇನ್ಸ್‌ಪೆಕ್ಟರ್ ಕೇಸ್ ಡೈರಿಯ ಆ ದಿನದ ಪುಟದಲ್ಲಿ ಉದ್ದೇಶ ಎಂದು ಬರೆದು, ಬಹಳ ಹೊತ್ತು ಯೋಚಿಸಿ, ಮುಂದೆ ಸೇರಿಸಿದರು: 'ಆರೋಪಿಗೆ ಮೆಟ್ಟಿಲು ಬೇಕಿರಲಿಲ್ಲ. ಅಕ್ಕ ಬೇಕಿದ್ದಳು.' ಮೇಲಧಿಕಾರಿ ಬೈದರೆ ಬೈಯಲಿ ಎಂದು ಹೊಡೆದುಹಾಕಲಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಅಕ್ಕ ಹೊರಗೆ ಬಂದರು. ಬಿಗಿದ ಮುಷ್ಟಿಯಿಂದ ಕೀಯ ತುದಿ ಇಣುಕುತ್ತಿತ್ತು.

"ಜಾಮೀನಿಗೆ ಯಾರಾದ್ರೂ ಬೇಕಾಗುತ್ತೆ," ಇನ್ಸ್‌ಪೆಕ್ಟರ್ ಹೇಳಿದರು.

"ನಾನೇ ನಿಲ್ತೀನಿ. ನಾಳೆ ಬರ್ತೀನಿ. ಇವತ್ತು ನನ್ನ ಮನೆ ಬೀಗ ತೆಗೀಬೇಕು."

ತಮ್ಮ ಕಣ್ಣು ಬಿಟ್ಟು ಆ ಮುಷ್ಟಿಯನ್ನು ನೋಡಿದ. ಏನೇನೋ ಕೇಳಬೇಕೆಂದು ತುಟಿ ಅಲುಗಿತು. ಕೊನೆಗೆ ಕೇಳಿದ್ದು ಬಡಗಿಯ ಮಾತನ್ನೇ.

"ಅಲ್ಲಿ ಬಾಗಿಲು ಸರಿಯಾಗಿ ಮುಚ್ಚುತ್ತಾ ಅಕ್ಕ?"

ಅಕ್ಕ ಜೀಪಿನ ಕಂಬಿಯ ಮೇಲಿದ್ದ ಅವನ ಕೈಯನ್ನು ಒಮ್ಮೆ ಒತ್ತಿದರು.

"ಗೊತ್ತಿಲ್ಲಪ್ಪ. ಒಂದಿನ ಬಾ. ಬಂದು, ನೋಡ್ಕೊಂಡು, ನಿನ್ನ ಮನೆಗೆ ಹೋಗು."

ಸೂಟ್‌ಕೇಸ್ ಎತ್ತಿಕೊಂಡು ಅವರು ಬಸ್ಸಿನ ನಿಲ್ದಾಣದ ಕಡೆ ನಡೆದರು.