ಕೊರಕಲಲ್ಲಿ ಬಿಟ್ಟುಬಂದ ಹಲಗೆಗಳು

"ಸಂಜೆಯೊಳಗೆ ಕಾಲುವೆ ತೆಗೀಬೇಕು. ಇಲ್ಲಾಂದ್ರೆ ಆ ನೀರು ಒಂದೇ ಸಲ ಕೆಳಗೆ ನುಗ್ಗುತ್ತೆ," ಎಂದರು ಸರ್ವೆಯರ್ ಮಾಮ.

ಬೆಟ್ಟ ಕುಸಿದು ಹಳ್ಳಕ್ಕೆ ಅಡ್ಡ ಬಿದ್ದಿತ್ತು. ಅದರ ಹಿಂದೆ, ಕಾಡಿನ ನಡುವೆ, ಮೊನ್ನೆಯವರೆಗೆ ಇಲ್ಲದ ಕೆರೆಯೊಂದು ಹುಟ್ಟಿತ್ತು. ಕಣಿವೆಯ ಜನರೆಲ್ಲ ಎತ್ತರದ ಶಾಲೆ ಸೇರಿದ್ದರು. ಮನೆಗಳು ಮಾತ್ರ ಕೆಳಗೇ ಉಳಿದಿದ್ದವು. ಆ ನಲವತ್ತು ಮನೆಗಳ ಪಾಯ ಅಗೆದವಳು ಅಕ್ಕ, ಅದರಲ್ಲೊಂದು ಅವಳದೇ. ಹಾಗಾಗಿ ಅಗೆಯುವ ತೋಳು ಜೋಡಿಸಿದ ಟ್ರ್ಯಾಕ್ಟರ್ ಏರಿ ಹೊರಟವಳೂ ಅವಳೇ. ಹಿಂದೊಮ್ಮೆ ಅವಸರಪಟ್ಟು ಗಾಡಿಯನ್ನು ಚರಂಡಿಗೆ ಮಗುಚಿದ್ದಕ್ಕೆ ಊರು ಅವಳಿಗೆ 'ಪಲ್ಟಿ ಅಕ್ಕ' ಎಂದು ಹೆಸರಿಟ್ಟಿತ್ತು. ಊರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ ನೋಡಿ.

ಮಾಮ ಮತ್ತು ಅವಳ ಮೆಕ್ಯಾನಿಕ್ ತಮ್ಮ ಮುಂದೆ ದಾರಿ ನೋಡುತ್ತ ನಡೆದರು. ಮಡಚಿ ಪಿನ್ ಹಾಕಿದ್ದ ತೋಳು ಗಾಡಿಯ ಹಿಂದೆ ನಿದ್ದೆ ಹೋದಂತಿತ್ತು. ಮಂಜು ಮರಗಳ ಸೊಂಟದವರೆಗೆ ತುಂಬಿತ್ತು. ಎಂಜಿನ್ ಸದ್ದು ಕೂಡ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮೆತ್ತಗೆ ಕೇಳುತ್ತಿತ್ತು. ದಾರಿಯಲ್ಲೊಂದು ಕೊರಕಲು ಬಂತು. ಎರಡು ದಪ್ಪ ಹಲಗೆ ಹಾಸಿ ದಾಟಿದರು.

"ಹಲಗೆ ಇಲ್ಲೇ ಇರ್ಲಿ ಬಿಡಕ್ಕ, ವಾಪಸ್ ಬರೋಕೆ ಬೇಕಲ್ಲ," ಎಂದ ತಮ್ಮ. ಮೂವರಿಗೂ ಅದು ಬುದ್ಧಿವಂತಿಕೆ ಎನಿಸಿತು.

ಕೊನೆಗೆ ಕೆರೆ ಕಂಡಿತು. ಮುಳುಗಿದ ಮರಗಳು ನೀರೊಳಗೆ ಎಲೆ ಸಮೇತ ನಿಂತಿದ್ದವು. ಹಕ್ಕಿ ಕೂರಬೇಕಾದ ಕೊಂಬೆಗಳ ನಡುವೆ ಮೀನು ಸುಳಿಯುತ್ತಿದ್ದವು. ಬಿಳಿ ಹೂಗಳು ಯಾವ ಆತುರವೂ ಇಲ್ಲದೆ ತೇಲುತ್ತಿದ್ದವು. ಇಷ್ಟು ಚೆಂದದ ನೀರು ಮನೆ ಕೊಚ್ಚಿಕೊಂಡು ಹೋದೀತೆಂದು ಅಕ್ಕನಿಗೆ ನಂಬಲಾಗಲಿಲ್ಲ. ಮಾಮ ದಡದಲ್ಲಿ ಗುರುತಿನ ಕೋಲು ನೆಟ್ಟರು. ನೀರು ಉಕ್ಕಲು ಇನ್ನು ಎರಡೇ ಗೇಣು ಬಾಕಿಯಿತ್ತು.

ಅಕ್ಕ ಗಾಡಿ ನಿಲ್ಲಿಸಿ, ಅಗೆಯುವಾಗ ಅದು ಅಲುಗದಂತೆ ಹಿಡಿಯುವ ಪಕ್ಕದ ಜಾಕ್ ಕಾಲುಗಳನ್ನು ಇಳಿಸಿದಳು.

ಎಡಗಡೆಯ ಜಾಕ್ ಕಾಲು ಕೆಸರಿಗೆ ಇಳಿಯಿತು. ಇಳಿಯುತ್ತಲೇ ಹೋಯಿತು. ಗಾಡಿ ವಾಲಿತು.

"ಕಾಲಡಿಗೆ ಹಲಗೆ ಕೊಡೋ!"

ತಮ್ಮ ತಲೆ ಕೆರೆದುಕೊಂಡ. "ಕೊರಕಲಲ್ಲಿದೆ... ಹೇಗೋ ಅಗೆದುಬಿಡಕ್ಕ, ನೀರು ಏರ್ತಿದೆ!"

ಅಕ್ಕ ಮಂಜಿನಾಚೆ, ಕಾಣದ ತನ್ನ ಮನೆಯ ಕಡೆ ನೋಡಿದಳು. ಭಯವಾಯಿತು. ಚರಂಡಿಗೆ ಬಿದ್ದ ದಿನವೂ ಅವಳು ಹಲಗೆ ಬೇಡವೆಂದಿದ್ದಳು. ಗಾಡಿ ಇನ್ನಷ್ಟು ವಾಲದಂತೆ ತೋಳಿನ ತುದಿಯ ಬಕೆಟ್ ನೆಲಕ್ಕೂರಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿದಳು.

"ಗಾಡಿ ಮಗುಚಿದ್ರೆ ಕಾಲುವೆನೂ ಇಲ್ಲ, ನಾವೂ ಇಲ್ಲ. ನಡಿ."

ಅಕ್ಕ, ತಮ್ಮ ಇಬ್ಬರೂ ಎರಡು ಸುತ್ತು ನಡೆದು ಹಲಗೆಗಳನ್ನು ಒಂದೊಂದಾಗಿ ಹೊತ್ತು ತಂದರು. ಮೊದಲ ಸುತ್ತಿನಲ್ಲಿ ಜಗಳವಾಡಿದರು. ಎರಡನೆಯದರಲ್ಲಿ ಅದಕ್ಕೂ ಉಸಿರು ಉಳಿಯಲಿಲ್ಲ.

"ಇನ್ನೊಂದೇ ಗೇಣು!" ಮಾಮ ಕೂಗಿದರು.

ಹಲಗೆಗಳ ಮೇಲೆ ಕಾಲೂರಿ ಗಾಡಿ ಸಮವಾಗಿ ನಿಂತಿತು. ತೋಳು ಚಾಚುವಷ್ಟು ದೂರಕ್ಕೆ ಮಾಮ ಗೂಟಗಳನ್ನು ಬಡಿದು ಕೆಂಪು ಬಟ್ಟೆ ಕಟ್ಟಿದರು. ಅದರೊಳಗೆ ಯಾರೂ ಕಾಲಿಡುವಂತಿರಲಿಲ್ಲ. ಅಕ್ಕ ಕೆಳಗಿನ ತುದಿಯಿಂದ ಅಗೆಯುತ್ತ ಕೆರೆಯತ್ತ ಬಂದಳು. ಗಾಡಿ ಸರಿಸಿದಾಗಲೆಲ್ಲ ಹಲಗೆ ಹಾಸಿಸಿದ ಮೇಲೆಯೇ ಕಾಲು ಇಳಿಸಿದಳು. ಕೊನೆಗೆ ನೀರಿಗೂ ಕಾಲುವೆಗೂ ನಡುವೆ ಮಾರಗಲದ ಮಣ್ಣು ಉಳಿಯಿತು.

ಬಕೆಟ್ಟಿಗೆ ಮೆತ್ತಿದ ಜೇಡಿ ಕೆರೆಯಲು ತಮ್ಮ ಕೋಲು ಹಿಡಿದು ಗೂಟ ದಾಟಿದ. ಹೊಲದಲ್ಲಿ ಅದು ಅವನ ಅಭ್ಯಾಸ.

ಅಕ್ಕ ಥಟ್ಟನೆ ಲಿವರ್ ಬಿಟ್ಟಳು.

ತೋಳು ನಿಂತಿತು, ಅವನ ತಲೆಯಿಂದ ಮೊಳ ದೂರದಲ್ಲಿ.

"ಆಚೆ ಹೋಗೋ! ಅಮ್ಮನಿಗೆ ನಾನೇನು ಹೇಳ್ಲಿ?"

ಅವನು ಗೂಟದಾಚೆ ಹೋಗಿ ನಿಂತ ಮೇಲೆಯೇ ಅವಳು ಮತ್ತೆ ಲಿವರ್ ಮುಟ್ಟಿದಳು. ಗಟ್ಟಿ ನೆಲದಿಂದ ತೋಳು ಚಾಚಿ ಕೊನೆಯ ಮಣ್ಣು ಎಳೆದಳು. ಮೊದಲು ಬೊಗಸೆಯಷ್ಟು ನೀರು ಇಣುಕಿತು, ಆಮೇಲೆ ಬಿಂದಿಗೆಯಷ್ಟು. ನಿಧಾನಕ್ಕೆ ಕೆರೆಯೇ ಎದ್ದು ನಡೆಯತೊಡಗಿತು. ಬಿಳಿ ಹೂಗಳು ಸಾಲು ಹಿಡಿದು ಹಿಂಬಾಲಿಸಿದವು.

ವಾಪಸಾಗುವಾಗ ಕೊರಕಲು ದಾಟಿದ ಕೂಡಲೇ ತಮ್ಮ, ಯಾರೂ ಹೇಳದೆ, ಹಲಗೆಗಳನ್ನು ಗಾಡಿಗೆ ಬಿಗಿದು ಕಟ್ಟಿದ. ಕಣಿವೆಯಲ್ಲಿ ನೀರು ಅಕ್ಕನ ಮನೆಯ ಕೆಳಮೆಟ್ಟಿಲನ್ನು ನೆನೆಸಿ, ಮೇಲೇರದೆ ಹರಿಯುತ್ತಿತ್ತು. ಮೆಟ್ಟಿಲಿಗೊಂದು ಬಿಳಿ ಹೂವು ತಗುಲಿಕೊಂಡಿತ್ತು.

"ಪಲ್ಟಿ ಅಕ್ಕ ಬಂದ್ಲು!" ಶಾಲೆಯ ಕಡೆಯಿಂದ ಯಾರೋ ಕೂಗಿದರು.

"ಯಾರೋ ಅದು, ಪಲ್ಟಿ ಅಂದಿದ್ದು?" ತಮ್ಮ ಸಿಡುಕಿದ.

"ಇರ್ಲಿ ಬಿಡೋ," ಅಕ್ಕ ನಕ್ಕಳು. "ಆ ಹೆಸರು ನೆನಪಾಗಿದ್ದಕ್ಕೇ ಹಲಗೆ ತರೋಕೆ ಹೋಗಿದ್ದು."

ಅವಳು ಗಾಡಿಯನ್ನು ಶಾಲೆಯ ಅಂಗಳಕ್ಕೆ ಏರಿಸಿ, ಬಕೆಟ್ಟನ್ನು ಮಣ್ಣಿಗೆ ಮೆಲ್ಲಗೆ ಊರಿ ಎಂಜಿನ್ ಆರಿಸಿದಳು.