ಕೆಳಗೆ, ಎಡಕ್ಕೆ, ಐದು ತೂತು

"ಬ್ರೇಕ್ ಹಾಕ್ರೀ, ಬ್ರೇಕ್! ನಿಮ್ಮ ಗುಂಡು ಸ್ಟಾಪ್ ಬಿಟ್ಟು ಮುಂದೆ ಹೋಯ್ತು!"

ಹಲ್ಲಿನ ಡಾಕ್ಟರ್ ಆಂಟಿ ದುರ್ಬೀನಿನಿಂದ ಕಣ್ಣು ತೆಗೆಯದೆ ಕೂಗಿದರು. ಶೂಟಿಂಗ್ ಕ್ಲಬ್ಬಿನ ಆ ತುದಿಯಲ್ಲಿ, ಹತ್ತು ಮೀಟರ್ ದೂರದಲ್ಲಿ, ಅಮ್ಮನ ಗುರಿ ಕಾರ್ಡು ನೇತಾಡುತ್ತಿತ್ತು. ನಡುವಿನ ಕಪ್ಪು ವೃತ್ತದ ಅಂಚಿನಲ್ಲಿ ಹೊಸದೊಂದು ತೂತು ಬಿದ್ದಿತ್ತು.

ಅಮ್ಮ ಏರ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಬಲಗೈ ಜಾಡಿಸಿದಳು. ಮೈಮೇಲೆ ಇನ್ನೂ ಬಸ್ ಡ್ರೈವರ್ ಯೂನಿಫಾರಂ ಇತ್ತು. "ನಿಮ್ಮ ಕ್ಲಿನಿಕ್‌ನಲ್ಲಿ ಬೇರೆಯವರು ಬಾಯಿ ತೆಗೆದು ಕೂತಿರ್ತಾರೆ. ಇಲ್ಲಿ ನೀವೇ ಬಾಯಿ ಮುಚ್ಚಲ್ಲ, ಡಾಕ್ಟ್ರಮ್ಮ!"

"ಸರಿಯಾಗಿ ಹೇಳಿದೆ," ಎಂದರು ಗಡಿಯಾರ ರಿಪೇರಿ ಮಾಡುವ ತಾತ. "ಇವರ ಗುಂಡೂ ಅಷ್ಟೇ. ಹುಳುಕು ಹಲ್ಲು ಬಿಟ್ಟು ಪಕ್ಕದ್ದು ಕೀಳುತ್ತೆ!"

ಬೆಂಚಿನ ಮೇಲೆ ಕೂತಿದ್ದ ಸಾಸಿವೆ ಕಿಸಕ್ಕನೆ ನಕ್ಕಳು.

ಸಾಸಿವೆ ಅವಳ ನಿಜವಾದ ಹೆಸರಲ್ಲ. ವರ್ಷದ ಹಿಂದೆ ಅಮ್ಮನ ಜೊತೆ ಮೊದಲ ಸಲ ಬಂದಾಗ ತಾತ, "ಇದೇನು, ಸಾಸಿವೆ ಕಾಳಿನಷ್ಟಿದ್ದಾಳೆ! ಪಿಸ್ತೂಲು ಎತ್ತುತ್ತಾಳಾ?" ಎಂದಿದ್ದರು. ಆ ಹೆಸರೇ ನಿಂತುಬಿಟ್ಟಿತು. ಈಗ ಅವಳಿಗೆ ಹನ್ನೊಂದು ವರ್ಷ. ಪಿಸ್ತೂಲು ಎತ್ತುತ್ತಾಳೆ. ಐದು ಗುಂಡು ಹೊಡೆದ ಮೇಲೆ ಭುಜ ನೋಯುತ್ತದೆ, ಅಷ್ಟೆ.

ಪ್ರತಿ ಶನಿವಾರ ಸಂಜೆ ಈ ನಾಲ್ವರದೂ ಒಂದು ಪಂದ್ಯ. ಒಬ್ಬೊಬ್ಬರಿಗೆ ಐದು ಗುಂಡು. ಐದೂ ನಟ್ಟನಡುವೆ ಬಿದ್ದರೆ ಐವತ್ತು ಅಂಕ. ಎಲ್ಲರಿಗಿಂತ ಕಡಿಮೆ ಬಂದವರು ಫ್ಲಾಸ್ಕ್ ಹಿಡಿದು ಕೆಳಗಿನ ಅಂಗಡಿಯಿಂದ ಟೀ ತರಬೇಕು. ಕೆಳಗೆ ಎಂದರೆ ಮೂರು ಮಹಡಿ. ಲಿಫ್ಟ್ ಇಲ್ಲ.

ಅವತ್ತು ತಾತನಿಗೆ ನಲವತ್ತನಾಲ್ಕು, ಡಾಕ್ಟರ್ ಆಂಟಿಗೆ ನಲವತ್ತಮೂರು, ಸಾಸಿವೆಗೆ ಮೂವತ್ತೊಂಬತ್ತು ಬಂತು. ಅಮ್ಮನಿಗೆ ಮೂವತ್ತೇಳು.

"ಅಯ್ಯಯ್ಯೋ, ಮಗಳು ಓವರ್‌ಟೇಕ್ ಮಾಡಿಬಿಟ್ಲು!" ತಾತ ಚಪ್ಪಾಳೆ ತಟ್ಟಿದರು. "ಹಾರ್ನೂ ಹೊಡೀಲಿಲ್ಲ!"

ಅಮ್ಮನೂ ನಕ್ಕಳು. ನಗುತ್ತಲೇ ಫ್ಲಾಸ್ಕ್ ಎತ್ತಿಕೊಂಡು ಹೊರಟಳು.

ಸಾಸಿವೆಗೆ ಮೊದಲು ಕುಣಿಯುವಷ್ಟು ಖುಷಿಯಾಯಿತು. ಅಮ್ಮನನ್ನು ಅವಳು ಸೋಲಿಸಿದ್ದು ಅದೇ ಮೊದಲು. ಆದರೆ ಅಮ್ಮ ಬೇಗ ಬರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಬಾಗಿಲಿಗೆ ಬಂದಾಗ ಅಮ್ಮನಿಗೆ ಏದುಸಿರು. ಟೀ ಬಗ್ಗಿಸುವಾಗ ಕೈ ನಡುಗಿ ಮೇಜಿನ ಮೇಲೆಲ್ಲ ಚೆಲ್ಲಿತು. ದಿನಕ್ಕೆ ಹತ್ತು ಗಂಟೆ ಸ್ಟಿಯರಿಂಗ್ ಹಿಡಿದ ಕೈ ಅದು.

ಮನೆಗೆ ಹೋಗುವಾಗ ಬೇರೆ ಯಾರೋ ಓಡಿಸುತ್ತಿದ್ದ ಬಸ್ಸಿನಲ್ಲಿ ಅಮ್ಮ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ಅಮ್ಮ, ಬೇಜಾರಾಯ್ತಾ?"

"ಯಾಕೆ?"

"ನನ್ನ ಕೈಲಿ ಸೋತಿದ್ದಕ್ಕೆ."

"ನಿದ್ದೆ ಬರ್ತಿದೆ ಪುಟ್ಟಿ."

ಇದು ಹೌದು ಅಂತಲೋ, ಇಲ್ಲ ಅಂತಲೋ? ಸಾಸಿವೆಗೆ ಗೊತ್ತಾಗಲಿಲ್ಲ. ವಾರವಿಡೀ ಅದೇ ತಲೆಯಲ್ಲಿ ಕೊರೆಯಿತು. ಬುಧವಾರ ಅಮ್ಮ ಊಟದ ತಟ್ಟೆಯ ಮುಂದೆಯೇ ತೂಕಡಿಸಿದಳು. ಗುರುವಾರ ಬೂಟು ಬಿಚ್ಚದೆ ಹಾಗೇ ಮಂಚದ ಮೇಲೆ ಬಿದ್ದುಕೊಂಡಳು. ಸಾಸಿವೆ ಮೆಲ್ಲಗೆ ಲೇಸು ಬಿಚ್ಚಿ ಬೂಟು ತೆಗೆದಿಟ್ಟಳು. ತಾನು ಗೆಲ್ಲದೆ ಇದ್ದಿದ್ದರೆ ಅಮ್ಮ ಆ ಮೆಟ್ಟಿಲು ಹತ್ತಬೇಕಾಗಿರಲಿಲ್ಲ, ಅನ್ನಿಸಿತು.

ಶುಕ್ರವಾರ ಗಣಿತದ ಪೀರಿಯಡ್‌ನಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದಳು.

ಮತ್ತೆ ಶನಿವಾರ ಬಂತು. ಅಮ್ಮನಿಗೆ ಮೂವತ್ತೈದು ಅಂಕ. ಸಾಸಿವೆಯದೇ ಕೊನೆಯ ಸರದಿ.

ಅವಳು ಕೈ ಎತ್ತಿದಳು. ಕಪ್ಪು ವೃತ್ತ ಕಾಣಿಸಿತು. ಅದನ್ನು ಬಿಟ್ಟು ಕೆಳಗೆ, ಎಡಕ್ಕೆ, ಬರೀ ಬಿಳಿ ಕಾಗದ ಇರುವ ಕಡೆ ಗುರಿ ಇಟ್ಟು ಹೊಡೆದಳು. ಎರಡನೆಯ ಗುಂಡೂ ಅಲ್ಲಿಗೇ. ಮೂರನೆಯದೂ ಅಲ್ಲಿಗೇ. ಎಷ್ಟು ಅಂಕ ಬಂದೀತು ಎಂಬ ಯೋಚನೆಯೇ ಇರಲಿಲ್ಲವಲ್ಲ, ಕೈ ಒಂದಿಷ್ಟೂ ಅಲುಗಲಿಲ್ಲ.

ಎಲ್ಲರ ಪಿಸ್ತೂಲುಗಳೂ ಮೇಜಿನ ಮೇಲೆ ಕೂತ ಮೇಲೆ ತಾತ ಹಗ್ಗ ಎಳೆದು ಕಾರ್ಡು ತರಿಸಿದರು.

"ಇಪ್ಪತ್ತೈದು," ಎಂದಳು ಸಾಸಿವೆ, ಅವರಿಗಿಂತ ಮೊದಲೇ. "ನಾನೇ ಲಾಸ್ಟ್. ಟೀ ನಾನೇ ತರ್ತೀನಿ." ಫ್ಲಾಸ್ಕ್ ಅವಳ ಕೈಯಲ್ಲಿ ಆಗಲೇ ಇತ್ತು.

"ಯಾಕೆ ಸಾಸಿವೆ, ಹಲ್ಲು ನೋವಾ?" ಡಾಕ್ಟರ್ ಆಂಟಿ ರೇಗಿಸಿದರು. "ಬಾ, ಕಿತ್ತು ಕಳಿಸ್ತೀನಿ!"

ತಾತ ನಗಲಿಲ್ಲ. ಗಡಿಯಾರ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು ಕಾರ್ಡಿನ ಮೇಲೆ ಬಾಗಿದರು. ಐದು ತೂತುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಕೋಟಿನ ಒಂದು ಗುಂಡಿ ಇಟ್ಟರೆ ಐದೂ ಮುಚ್ಚಿಹೋಗುತ್ತಿದ್ದವು. ತಾತ ಕಾರ್ಡನ್ನು ಅಮ್ಮನ ಕೈಗೆ ಕೊಟ್ಟರು.

ಸಾಸಿವೆ ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಬಂತು. "ನಿಲ್ಲೇ."

ಅಮ್ಮ ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗ ತಟ್ಟಿದಳು. ಸಾಸಿವೆ ಕೂತಳು.

"ಏನಿದು?" ಅಮ್ಮ ಕಾರ್ಡು ತೋರಿಸಿದಳು.

"ಗುರಿ ತಪ್ಪಿತು."

"ಗುರಿ ತಪ್ಪಿದ್ರೆ ಒಂದು ಅಲ್ಲಿ ಬೀಳುತ್ತೆ, ಒಂದು ಇಲ್ಲಿ ಬೀಳುತ್ತೆ. ನನ್ನ ಕಾರ್ಡ್ ನೋಡು, ಕೋಳಿ ಕೆದರಿದ ಹಾಗಿದೆ. ಇಷ್ಟು ಚೆನ್ನಾಗಿ ತಪ್ಪೋಕೆ ಯಾರಿಗೂ ಬರಲ್ಲ ಕಣೆ."

ಸಾಸಿವೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಳು. "ನಿಂಗೆ ಸುಸ್ತಾಗಿರುತ್ತಲ್ಲ ಅಮ್ಮ. ಮತ್ತೆ ಇಷ್ಟು ಮೆಟ್ಟಿಲು. ಅದ್ರ ಮೇಲೆ ಅವರೆಲ್ಲ ನಗ್ತಾರೆ."

ಅಮ್ಮ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೆಳಗೆ ಯಾರೋ ಷಟರ್ ಎಳೆದ ಸದ್ದಾಯಿತು.

"ಸುಸ್ತು ಅಂದ್ರೆ ಸುಸ್ತೇ," ಎಂದಳು. "ಇವತ್ತು ಎಷ್ಟು ಜನ ಬೈದ್ರು ಗೊತ್ತಾ? ಲೇಟಾಯ್ತು ಅಂತ ಒಬ್ರು. ನಿಲ್ಲಿಸ್ಲಿಲ್ಲ ಅಂತ ಒಬ್ರು. ನಿಲ್ಲಿಸ್ದೆ ಅಂತ ಇನ್ನೊಬ್ರು. ಅವರಲ್ಲಿ ಒಬ್ರೂ ನನ್ನ ಮುಖ ನೋಡಿ ಬೈಲಿಲ್ಲ. ಬೆನ್ನಿಗೆ ಬೈದ್ರು. ಇಲ್ಲಿ ಆ ತಾತ, ಆ ಡಾಕ್ಟ್ರಮ್ಮ ನನ್ನ ಮುಖ ನೋಡ್ಕೊಂಡೇ ರೇಗಿಸ್ತಾರೆ. ಅದಕ್ಕೇ ಮೂರು ಮಹಡಿ ಹತ್ತಿ ಬರ್ತೀನಿ."

"ಸೋತ್ರೂನಾ?"

"ಸೋತ್ರೂನೂ. ಆದ್ರೆ ನೀನು ಬೇಕು ಅಂತ ಬಿಟ್ಟುಕೊಟ್ರೆ, ಅಜ್ಜಿ ಅಂತ ಸೀಟು ಬಿಟ್ಟುಕೊಟ್ಟ ಹಾಗಾಯ್ತು." ಅಮ್ಮ ಅವಳ ಜಡೆ ಹಿಡಿದು ಜಗ್ಗಿದಳು. "ನಂಗಿನ್ನೂ ಅಷ್ಟು ವಯಸ್ಸಾಗಿಲ್ಲ."

ಇಬ್ಬರೂ ಖಾಲಿ ಫ್ಲಾಸ್ಕ್ ಹಿಡಿದು ಮೇಲೆ ಬಂದಾಗ ತಾತ ಹೊಸ ಕಾರ್ಡು ಸಿಕ್ಕಿಸಿ ಮುಗಿಸಿದ್ದರು.

"ಹಳೇ ಕಾರ್ಡ್ ಕ್ಯಾನ್ಸಲ್," ಎಂದರು. "ಗಾಳಿ ಬೀಸಿತ್ತು."

"ಕಿಟಕಿ ಮುಚ್ಚಿದ ರೂಮಲ್ಲಿ ಎಲ್ಲಿಂದ ಬಂತು ಗಾಳಿ?" ಡಾಕ್ಟರ್ ಆಂಟಿ ಕೇಳಿದರು.

"ನೀವು ಮಾತಾಡ್ತಿದ್ರಲ್ಲ, ಅದೇ ಗಾಳಿ!"

ಸಾಸಿವೆ ಮತ್ತೆ ನಿಂತಳು. ಈ ಸಲ ಕೈ ಅಲುಗಿತು. ಭುಜ ಭಾರವಾಯಿತು. ಎರಡು ಸಲ ಪಿಸ್ತೂಲು ಇಳಿಸಿ ಉಸಿರು ಎಳೆದುಕೊಳ್ಳಬೇಕಾಯಿತು. ಐದು ಗುಂಡುಗಳು ಐದು ಕಡೆ ಬಿದ್ದವು, ಆದರೆ ಎಲ್ಲವೂ ಕಪ್ಪಿನೊಳಗೆ.

"ಮೂವತ್ತೆಂಟು," ಎಂದರು ತಾತ.

ಅಮ್ಮನಿಗೆ ಮೂವತ್ತೈದೇ. ಅವಳು ಉಸ್ಸೆಂದು ಎದ್ದು, ಫ್ಲಾಸ್ಕ್ ತೆಗೆದುಕೊಂಡು ಹೋದಳು.

ಸಾಸಿವೆ ಬೆಂಚಿನಿಂದ ಅರ್ಧ ಎದ್ದಳು. ಆಮೇಲೆ ಕೂತುಬಿಟ್ಟಳು. ಹೆಜ್ಜೆ ಸದ್ದು ಇಳಿದುಹೋಯಿತು. ಎಷ್ಟೋ ಹೊತ್ತಾದ ಮೇಲೆ ಹತ್ತಿ ಬರತೊಡಗಿತು. ಒಂದು ಮಹಡಿಗೆ ನಿಂತಿತು. ಮತ್ತೆ ಶುರುವಾಯಿತು. ಬಾಗಿಲಲ್ಲಿ ಅಮ್ಮ ಕಾಣಿಸಿದಳು, ಬೆವರು ಒರೆಸಿಕೊಳ್ಳುತ್ತ.

ಸಾಸಿವೆ ಬಾಯಿ ತೆರೆದಳು.

"ಏನಮ್ಮ, ಮೆಟ್ಟಿಲ ಮೇಲೆ ಟ್ರಾಫಿಕ್ ಜಾಮಾ?"

ತಾತ ಡಾಕ್ಟರ್ ಆಂಟಿಯ ಮುಖ ನೋಡಿದರು.

ಅಮ್ಮ ಅಲ್ಲೇ ನಿಂತು ಮಗಳನ್ನು ದಿಟ್ಟಿಸಿದಳು. "ನೋಡಿದ್ರಾ ಡಾಕ್ಟ್ರಮ್ಮ, ಎಲ್ಲಾ ನಿಮ್ಮ ಸಹವಾಸ!" ಎಂದು ನಗಲು ಶುರುಮಾಡಿದಳು. ನಿಂತು ನಗುವಷ್ಟು ಶಕ್ತಿ ಇರಲಿಲ್ಲ. ಬಂದು ಬೆಂಚಿನ ಮೇಲೆ ಕುಸಿದು ಕೂತು ನಕ್ಕಳು.

ನಗು ನಿಂತ ಮೇಲೆ ಟೀ ಬಗ್ಗಿಸತೊಡಗಿದಳು. ಕೈ ಇನ್ನೂ ನಡುಗುತ್ತಿತ್ತು.

ಸಾಸಿವೆ ಫ್ಲಾಸ್ಕ್ ಇಸಿದುಕೊಳ್ಳಲು ಹೋಗಲಿಲ್ಲ. ತನ್ನ ಲೋಟವನ್ನು ಮಾತ್ರ ಅಮ್ಮನ ಹತ್ತಿರಕ್ಕೆ ಸ್ವಲ್ಪ ಸರಿಸಿದಳು.